ವೀರಗಲ್ಲಿನಿಂದ ಪ್ರತಿಮೆಗೆ: ಸಾರ್ವಜನಿಕ ಸ್ಮಾರಕಗಳಲ್ಲಿ ಹೆಸರು ಮತ್ತು ದುಡಿಮೆ

ಊರಿನ ವೃತ್ತ, ಬಸ್ ನಿಲ್ದಾಣದ ಎದುರು, ಜಿಲ್ಲಾಧಿಕಾರಿ ಕಚೇರಿಯ ಅಂಗಳ, ಉದ್ಯಾನದ ನಡುವಣ ಕಟ್ಟೆ ಇವು ಇಂದು ಪ್ರತಿಮೆಗಳು ಸಾಮಾನ್ಯವಾಗಿ ಕಾಣಸಿಗುವ ನೆಲೆಗಳು. ಕರ್ನಾಟಕದಲ್ಲಿ ಅರಸರು, ಶರಣರು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು, ರಾಜಕೀಯ ನಾಯಕರು ಹೀಗೆ ನೆಲೆಗೊಂಡಿದ್ದಾರೆ. ಶಿಲ್ಪಶಾಸ್ತ್ರದ ವಿದ್ವಾಂಸರು ಇವುಗಳ ಪ್ರಮಾಣ, ಭಂಗಿ ಮತ್ತು ಲೋಹವನ್ನು ಗಮನಿಸುತ್ತಾರೆ. ಚರಿತ್ರಕಾರರು ವ್ಯಕ್ತಿಯ ಜೀವನವನ್ನು ಶೋಧಿಸುತ್ತಾರೆ. ಜಾನಪದ ಅಧ್ಯಯನ ಕೇಳಬೇಕಾದ ಪ್ರಶ್ನೆ ಇವೆರಡಕ್ಕಿಂತ ಭಿನ್ನವಾದುದು. ಒಂದು ಸಮುದಾಯವು ಯಾರನ್ನು, ಯಾವ ಕಾರ್ಯಕ್ಕಾಗಿ, ಯಾವ ಜಾಗದಲ್ಲಿ, ಯಾವ ಹೆಸರಿನಿಂದ ನೆನೆಯುತ್ತದೆ ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಿಗೂ ಹಿಂದಿನ ಉತ್ತರವೊಂದಿದೆ. ಅದು ವೀರಗಲ್ಲು. ಪ್ರತಿಮೆಯು ನಗರದ್ದು, ವೀರಗಲ್ಲು ಹಳ್ಳಿಯದು. ಮೊದಲನೆಯದು ಆಧುನಿಕ, ಎರಡನೆಯದು ಪ್ರಾಚೀನ ಎಂದು ಬೇರೆಬೇರೆಯಾಗಿ ನೋಡುವ ರೂಢಿ ಬೆಳೆದಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮುಖ್ಯ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವೀರಗಲ್ಲು ಅನೇಕ ವೇಳೆ ಸಾಮಾನ್ಯನೊಬ್ಬನನ್ನು ಹೆಸರಿಟ್ಟು ನೆನೆಯಿತು. ಆಧುನಿಕ ಸಾರ್ವಜನಿಕ ಶಿಲ್ಪವು ಗಣ್ಯರನ್ನು ಹೆಸರಿಟ್ಟು ನೆನೆಯುತ್ತದೆ. ದುಡಿಯುವವರನ್ನು ನೆನೆಯುವಾಗ ಬಹುಮಟ್ಟಿಗೆ ಹೆಸರನ್ನು ಕೈಬಿಡುತ್ತದೆ. ಈ ವ್ಯತ್ಯಾಸದ ಸ್ವರೂಪವನ್ನೂ, ಜನಸಮುದಾಯ ಅದನ್ನು ತನ್ನದೇ ರೀತಿಯಲ್ಲಿ ತಿದ್ದಿಕೊಂಡಿರುವ ಬಗೆಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೀರಗಲ್ಲಿನ ಸ್ಮರಣ ಕ್ರಮ

ವೀರಗಲ್ಲುಗಳ ಸಾಂಸ್ಕೃತಿಕ ಮಹತ್ವವನ್ನು ಎಂ. ಚಿದಾನಂದಮೂರ್ತಿ, ಆರ್. ಶೇಷಶಾಸ್ತ್ರಿ ಮೊದಲಾದ ವಿದ್ವಾಂಸರು ವಿವರವಾಗಿ ಚರ್ಚಿಸಿದ್ದಾರೆ. ಎಸ್. ಶೆಟ್ಟರ್ ಮತ್ತು ಸೊಂಥೈಮರ್ ಸಂಪಾದಿಸಿದ, 1982ರಲ್ಲಿ ಪ್ರಕಟವಾದ ಸ್ಮಾರಕ ಶಿಲೆಗಳ ಕುರಿತ ಗ್ರಂಥವು ಈ ಅಧ್ಯಯನಕ್ಕೆ ಅಖಿಲ ಭಾರತ ವ್ಯಾಪ್ತಿಯನ್ನು ನೀಡಿತು. ತುರುಗಳನ್ನು ಕಾಯುತ್ತ ಸತ್ತವನು, ಊರಳಿವಿನಲ್ಲಿ ಮಡಿದವನು, ಹೆಣ್ಣಿನ ಮಾನ ಕಾಯಲು ಹೋರಿದವನು, ಹುಲಿ ಹಂದಿಗಳೊಡನೆ ಸೆಣಸಿದವನು ಎಂದು ವೀರರಲ್ಲಿ ಹಲವು ಬಗೆಗಳುಂಟು. ಸಾಮಾನ್ಯವಾಗಿ ಕಲ್ಲು ಮೂರು ಹಂತಗಳಲ್ಲಿ ಕಥೆ ಹೇಳುತ್ತದೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಸನ್ನಿಧಿ. ತುದಿಯಲ್ಲಿ ಸೂರ್ಯಚಂದ್ರರು ಸ್ಮರಣೆಯ ಅವಧಿಯನ್ನು ಸೂಚಿಸುತ್ತಾರೆ.

ಇಲ್ಲಿ ಮೂರು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಕಲ್ಲು ವ್ಯಕ್ತಿಯ ಮುಖಚಹರೆಯನ್ನು ಹಿಡಿಯಲು ಯತ್ನಿಸುವುದಿಲ್ಲ; ಆತ ಮಾಡಿದ ಕಾರ್ಯವನ್ನು ಹಿಡಿಯುತ್ತದೆ. ಎರಡನೆಯದಾಗಿ, ಅದು ಮಡಿದ ಸ್ಥಳದಲ್ಲೋ ಊರಿನ ದೇಗುಲದ ಬಳಿಯಲ್ಲೋ ನಿಂತು ಘಟನೆಗೂ ನೆಲಕ್ಕೂ ಇರುವ ಸಂಬಂಧವನ್ನು ಉಳಿಸುತ್ತದೆ. ಮೂರನೆಯದಾಗಿ, ಸ್ಮರಣೆಯ ಜೊತೆಗೆ ಆರ್ಥಿಕ ಹೊಣೆಯೂ ಸೇರಿರುತ್ತದೆ. ಮಡಿದವನ ಕುಟುಂಬಕ್ಕೆ ಕೊಡುತ್ತಿದ್ದ ನೆತ್ತರುಗೊಡಗೆ, ವೀರನ ಹೆಸರಿನಲ್ಲಿ ಬಿಡುತ್ತಿದ್ದ ಕಲ್ನಾಡು ಇವು ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು. ಸತ್ತವನನ್ನು ಹೊಗಳುವುದರೊಂದಿಗೆ ಅವನ ಮನೆಯವರ ಬದುಕಿಗೆ ಆಧಾರ ಕಲ್ಪಿಸುವುದೂ ಸ್ಮಾರಕದ ಭಾಗವಾಗಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದಕ್ಕೆ ಪ್ರಸಿದ್ಧ ನಿದರ್ಶನ. ಶಕ 872ರ, ಎಂದರೆ ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗ ದೊರೆ ಬೂತುಗ ಮೆಚ್ಚಿದುದನ್ನು ಬೇಡಲು ಹೇಳುತ್ತಾನೆ. ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಚಲ್ಲೇಶ್ವರ ದೇಗುಲದ ಎದುರು ಕಲ್ಲು ನಿಂತಿತು. ಪೂಜೆಗೆ ಭೂಮಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಗಲುವುದೆಂಬ ಕಟ್ಟಳೆಯೂ ಸೇರಿತು. ಚೋಳ ರಾಜಾದಿತ್ಯನ ಮರಣದಂತಹ ದೊಡ್ಡ ರಾಜಕೀಯ ಘಟನೆಯನ್ನು ಹೇಳುವ ಕಲ್ಲು ಒಂದು ನಾಯಿಯ ಹೆಸರನ್ನೂ ಬಿಡದೆ ಕಾಪಾಡಿದೆ.

ಬೆಂಗಳೂರಿನ ಚರಿತ್ರೆಯೂ ಇದೇ ಮಾತನ್ನು ಹೇಳುತ್ತದೆ. ಸುಮಾರು ಕ್ರಿ.ಶ. 890ರ ಬೇಗೂರು ಶಾಸನ 'ಬೆಂಗುಳೂರ' ಕಾಳಗವನ್ನು ಹೆಸರಿಸುವುದರಿಂದ ಪ್ರಸಿದ್ಧವಾಗಿದೆ. ಆದರೆ ಊರಿನ ಹೆಸರು ಅಲ್ಲಿ ಬಂದಿರುವುದು ಆ ಕಾಳಗದಲ್ಲಿ ಸತ್ತವರನ್ನು ಹೆಸರಿಸುವ ಸಂದರ್ಭದಲ್ಲಿ ಎಂಬುದನ್ನು ಮರೆಯಬಾರದು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಸುಮಾರು ಕ್ರಿ.ಶ. 750ರ ವೀರಗಲ್ಲು ಕಿತ್ತಯ್ಯನೆಂಬವನನ್ನು ನೆನೆಯುತ್ತದೆ. ನಗರದ ಅತ್ಯಂತ ಪ್ರಾಚೀನ ಕನ್ನಡ ಬರಹಗಳಲ್ಲೊಂದು ಹೀಗೆ ಹೋರಾಡಿ ಮಡಿದವನೊಬ್ಬನ ಹೆಸರನ್ನು ಹೊತ್ತಿದೆ.

ಇದನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಬರಹವಿಲ್ಲದ ವೀರಗಲ್ಲುಗಳ ಸಂಖ್ಯೆ ಬಹಳ ದೊಡ್ಡದು. ಅವುಗಳ ವೀರರು ಇಂದು ಅನಾಮಿಕರೇ. ಹೆಣ್ಣಿಗೆ ದೊರೆತ ಸ್ಮಾರಕ ಬಹುಪಾಲು ಮಾಸ್ತಿಕಲ್ಲು, ಎಂದರೆ ಗಂಡನ ಚಿತೆಯೊಡನೆ ಕೂಡಿಕೊಂಡ ಸ್ಮರಣೆ. ದುಡಿಮೆಯು ದುಡಿಮೆಯಾಗಿಯೇ ವೀರಗಲ್ಲಿನ ವಸ್ತುವಾದದ್ದು ವಿರಳ. ಹೋರಾಟದಲ್ಲಿ ಸಾವು ಬಂದಾಗ ಮಾತ್ರ ಕಲ್ಲು ನಿಲ್ಲುತ್ತಿತ್ತು. ಆದರೂ ತುರುಗಳನ್ನು ಕಾದವನು ಊರಿನ ಜೀವನಾಧಾರವನ್ನೇ ಕಾದವನು ಎಂಬ ತಿಳಿವಳಿಕೆ ಈ ಸ್ಮಾರಕಗಳ ಹಿಂದೆ ಇದೆ.

ದುಡಿದವರ ಹೆಸರು ಉಳಿದ ಬೇರೆ ದಾರಿಗಳೂ ಇದ್ದವು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಕೆತ್ತನೆಯ ಕೆಳಗೆ ಹೆಸರನ್ನು ಬರೆದಿದ್ದಾರೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರಿಗೆ ಕಾಯಕವೇ ಹೆಸರಿನ ಅಂಗವಾಯಿತು. ಕೆರೆ ಕಟ್ಟಿಸಿದವರ ಹೆಸರನ್ನು ಶಾಸನ ಉಳಿಸಿತು. ಕೆರೆ ಅಗೆದವರ ನೆನಪನ್ನು ಜನಪದ ಹಾಡು ಉಳಿಸಿತು.

ಭಕ್ತವಿಗ್ರಹದಿಂದ ವೃತ್ತದ ಪ್ರತಿಮೆಗೆ

ವ್ಯಕ್ತಿಯ ಪ್ರತಿರೂಪವನ್ನು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೆಂದಲ್ಲ. ತಿರುಮಲೆಯ ದೇಗುಲದಲ್ಲಿ ಕೃಷ್ಣದೇವರಾಯ ಮತ್ತು ಆತನ ಇಬ್ಬರು ರಾಣಿಯರ ಲೋಹಪ್ರತಿಮೆಗಳಿವೆ. ಶಿವಗಂಗೆಯ ಗಂಗಾಧರೇಶ್ವರ ದೇಗುಲದಲ್ಲಿ 1609ರಲ್ಲಿ ಸ್ಥಾಪಿತವಾದ ಕೆಂಪೇಗೌಡನ ಲೋಹಪ್ರತಿಮೆಯಿದೆ. ಇವು ಭಕ್ತವಿಗ್ರಹಗಳು. ಅರಸ ಅಲ್ಲಿ ದೇವರ ಎದುರು ನಿಂತ ಭಕ್ತ; ನೋಡುಗರ ಎದುರು ನಿಂತ ಪ್ರಭುವಲ್ಲ.

ಈ ನೋಟದ ದಿಕ್ಕನ್ನು ಬದಲಿಸಿದ್ದು ವಸಾಹತು ಆಡಳಿತ. 1866ರಲ್ಲಿ ಬೆಂಗಳೂರಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನ ಅಶ್ವಾರೂಢ ಪ್ರತಿಮೆ ಸ್ಥಾಪನೆಗೊಂಡಿತು; ಅದರ ಶಿಲ್ಪಿ ಮರೊಕೆಟ್ಟಿ. 1906ರ ಫೆಬ್ರವರಿ 5ರಂದು ಥಾಮಸ್ ಬ್ರಾಕ್ ರಚಿಸಿದ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು ವೇಲ್ಸ್ ರಾಜಕುಮಾರ ಅನಾವರಣಗೊಳಿಸಿದನು. ಎತ್ತರದ ಪೀಠ, ಮುಖದ ಸಾದೃಶ್ಯ, ಮುಸುಕು ತೆಗೆಯುವ ಸಮಾರಂಭ, ಗಣ್ಯರ ಹೆಸರುಗಳ ಫಲಕ ಈ ನಾಲ್ಕೂ ಸೇರಿ ಹೊಸ ಸ್ಮಾರಕ ಪದ್ಧತಿಯೊಂದು ರೂಪುಗೊಂಡಿತು. ಸ್ವಾತಂತ್ರ್ಯಾನಂತರ ವ್ಯಕ್ತಿಗಳು ಬದಲಾದರು, ಪದ್ಧತಿ ಮುಂದುವರಿಯಿತು. ಶಿವಗಂಗೆಯಲ್ಲಿ ದೇವರ ಎದುರಿದ್ದ ಕೆಂಪೇಗೌಡ 1964ರಲ್ಲಿ ಬೆಂಗಳೂರಿನ ನಗರಪಾಲಿಕೆಯ ಎದುರು ನಗರ ನಿರ್ಮಾಪಕನಾಗಿ ನಿಂತನು. 2022ರ ನವೆಂಬರ್ 11ರಂದು ವಿಮಾನ ನಿಲ್ದಾಣದ ಆವರಣದಲ್ಲಿ ಅನಾವರಣಗೊಂಡ, ರಾಮ್ ಸುತಾರ್ ವಿನ್ಯಾಸದ ಕೆಂಪೇಗೌಡ ಪ್ರತಿಮೆಯ ಎತ್ತರ 108 ಅಡಿ. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಸಾರಿದ ಬಸವಣ್ಣನವರಿಗೂ ಬಸವಕಲ್ಯಾಣದಲ್ಲಿ 108 ಅಡಿಯ ಪ್ರತಿಮೆ ನಿಂತಿದೆ.

ಈ ಹೊಸ ಪದ್ಧತಿಯಲ್ಲಿ ಸ್ಥಳ ಮತ್ತು ಕಾರ್ಯದ ಸಂಬಂಧ ಸಡಿಲಗೊಂಡಿತು. ಪ್ರತಿಮೆಯನ್ನು ಘಟನೆ ನಡೆದ ಜಾಗದಲ್ಲೇ ನಿಲ್ಲಿಸಬೇಕಾಗಿಲ್ಲ. ಅದನ್ನು ಸ್ಥಳಾಂತರಿಸಲೂ ಬಹುದು. ಬಹುಕಾಲ ಅಠಾರಾ ಕಚೇರಿಯ ಮುಂದಿದ್ದ ಕಬ್ಬನ್ ಪ್ರತಿಮೆ 2020ರಲ್ಲಿ ಉದ್ಯಾನದೊಳಕ್ಕೆ ಸರಿಯಿತು. ಫಲಕದ ಬರಹವೂ ಬದಲಾಯಿತು. ವೀರಗಲ್ಲಿನ ಬರಹದಲ್ಲಿ ಸತ್ತವನೂ ಅವನ ಕಾರ್ಯವೂ ಮುಖ್ಯ. ಇಂದಿನ ಪೀಠದ ಫಲಕದಲ್ಲಿ ಉದ್ಘಾಟಕರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳ ಹೆಸರುಗಳೇ ಹೆಚ್ಚು. ಶಿಲ್ಪಿಯ ಹೆಸರು ಹಲವು ಕಡೆ ಕಾಣಸಿಗುವುದಿಲ್ಲ. ಎರಕ ಹೊಯ್ದವರ, ಪೀಠ ಕಟ್ಟಿದವರ ಹೆಸರುಗಳ ಮಾತಂತೂ ದೂರ. ದಾಸೋಜನಿಗೆ ದೊರೆತ ಅವಕಾಶ ಆತನ ವೃತ್ತಿಯ ವಾರಸುದಾರರಿಗೆ ಸುಲಭವಾಗಿ ದೊರೆಯುತ್ತಿಲ್ಲ.

ಹೆಸರಿಲ್ಲದ ದುಡಿಮೆ

ಹಾಗಾದರೆ ಆಧುನಿಕ ಶಿಲ್ಪವು ಶ್ರಮಿಕನನ್ನು ಕಂಡೇ ಇಲ್ಲವೆ? ಕಂಡಿದೆ. ಭಾರತದಲ್ಲಿ ಇದಕ್ಕೆ ಅತ್ಯಂತ ಪ್ರಸಿದ್ಧ ಉದಾಹರಣೆ ಚೆನ್ನೈನ ಮರೀನಾ ಕಡಲತೀರದಲ್ಲಿರುವ 'ಶ್ರಮದ ವಿಜಯ' ಎಂಬ ಅರ್ಥದ ಹೆಸರಿನ ಕಂಚಿನ ಶಿಲ್ಪ. ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ದೇವೀಪ್ರಸಾದ ರಾಯ್ ಚೌಧುರಿ ಇದರ ಶಿಲ್ಪಿ. 1959ರ ಜನವರಿ 25ರಂದು, ಗಣರಾಜ್ಯೋತ್ಸವದ ಮುನ್ನಾದಿನ ಇದು ಅನಾವರಣಗೊಂಡಿತು. ನಾಲ್ವರು ಕೂಲಿಕಾರರು ಬಂಡೆಯೊಂದನ್ನು ಸರಿಸುತ್ತಿದ್ದಾರೆ. ಬಾಗಿದ ಬೆನ್ನು, ಬಿಗಿದ ಸ್ನಾಯು, ನೆಲಕ್ಕೆ ಒತ್ತಿದ ಪಾದ ಇವುಗಳಲ್ಲಿ ದೇಹದ ದುಡಿಮೆಯೇ ವಸ್ತುವಾಗಿದೆ. ಸಿಂಗಾರವೇಲು ಅವರು 1923ರಲ್ಲಿ ಭಾರತದ ಮೊದಲ ಮೇ ದಿನವನ್ನು ಆಚರಿಸಿದ್ದು ಇದೇ ನಗರದಲ್ಲಿ ಎಂಬುದರಿಂದ ಶಿಲ್ಪಕ್ಕೆ ಇನ್ನೊಂದು ಅರ್ಥವೂ ಸೇರಿಕೊಂಡಿದೆ.

ಇದೇ ಶಿಲ್ಪಿಯ ಇನ್ನೊಂದು ಕೃತಿ ಪಾಟ್ನಾದ ಹುತಾತ್ಮ ಸ್ಮಾರಕ. 1942ರ ಆಗಸ್ಟ್ 11ರಂದು ಸಚಿವಾಲಯದ ಮೇಲೆ ಧ್ವಜ ಹಾರಿಸಲು ಹೋಗಿ ಗುಂಡಿಗೆ ಬಲಿಯಾದ ಏಳು ಮಂದಿ ವಿದ್ಯಾರ್ಥಿಗಳನ್ನು ಅದು ನೆನೆಯುತ್ತದೆ. ಆ ಏಳು ಮಂದಿಗೂ ಹೆಸರುಗಳಿವೆ. ಮರೀನಾದ ನಾಲ್ವರಿಗೆ ಹೆಸರಿಲ್ಲ. ಕಲಾಶಾಲೆಯ ಕಾವಲುಗಾರನೊಬ್ಬನೂ ವಿದ್ಯಾರ್ಥಿಯೊಬ್ಬನೂ ಆ ಶಿಲ್ಪಕ್ಕೆ ಮಾದರಿಯಾಗಿ ನಿಂತಿದ್ದರೆಂಬ ಹೇಳಿಕೆಯುಂಟು. ನೋಡುಗರಿಗೆ ಅವರು 'ಶ್ರಮಿಕರು' ಮಾತ್ರ. ಇದು ಶಿಲ್ಪಿಯ ದೋಷವಲ್ಲ. ಒಂದು ನಿರ್ದಿಷ್ಟ ಘಟನೆಯ ಸ್ಮಾರಕಕ್ಕೂ ಒಂದು ವರ್ಗದ ಗೌರವಾರ್ಥ ರಚನೆಗೂ ಇರುವ ಭೇದ ಇದು. ಆದರೆ ದುಡಿಮೆಯು ಸಂಕೇತವಾದೊಡನೆ ದುಡಿದವನ ಹೆಸರು ಅನಗತ್ಯವಾಗಿಬಿಡುತ್ತದೆ ಎಂಬುದು ಇಲ್ಲಿ ಎದ್ದು ಕಾಣುತ್ತದೆ.

ಸೈನಿಕರ ವಿಷಯದಲ್ಲಿಯೂ ಇದನ್ನು ಕಾಣಬಹುದು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಮೂರ್ತಿಗಳು ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹೈದರಾಬಾದ್, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳನ್ನು ಪ್ರತಿನಿಧಿಸುತ್ತವೆ. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗದಲ್ಲಿ ಮೈಸೂರಿನ ಸವಾರರೂ ಇದ್ದರು. ಮೂರ್ತಿಯಲ್ಲಿ ಮೈಸೂರು ಇದೆ. ಮೈಸೂರಿನ ಒಬ್ಬ ಸವಾರನ ರೂಪ ಇಲ್ಲ. ಅದರ ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್ ಬೆಂಗಳೂರಿನ ಕಬ್ಬನ್ ಉದ್ಯಾನಕ್ಕಾಗಿ ಏಳನೆಯ ಎಡ್ವರ್ಡ್ ದೊರೆಯ ಪ್ರತಿಮೆ ಮಾಡಿದಾಗ ಮುಖದ ಸಾದೃಶ್ಯವೇ ಮುಖ್ಯವಾಗಿತ್ತು. ದೊರೆಗೆ ಮುಖ, ಸೈನಿಕನಿಗೆ ಸಮವಸ್ತ್ರ ಎಂಬ ಹಂಚಿಕೆ ಒಬ್ಬನೇ ಶಿಲ್ಪಿಯ ಎರಡು ಕೃತಿಗಳಲ್ಲಿ ಹೀಗೆ ವ್ಯಕ್ತವಾಗಿದೆ.

ಜನಪದರ ಮರುಸ್ವೀಕಾರ

ಜನಸಮುದಾಯ ಈ ಪದ್ಧತಿಯನ್ನು ಇದ್ದಂತೆಯೇ ಒಪ್ಪಿಕೊಂಡಿಲ್ಲ. ಪ್ರತಿಮೆಯ ಸುತ್ತ ಬೆಳೆದಿರುವ ಆಚರಣೆಗಳನ್ನು ಗಮನಿಸಿದರೆ ಇದು ತಿಳಿಯುತ್ತದೆ. ಮುಸುಕು ತೆಗೆಯುವ ಕ್ರಿಯೆಗೆ ಮೂರ್ತಿಯ ಕಣ್ಣು ತೆರೆಸುವ ಶಾಸ್ತ್ರದೊಡನೆ ಹೋಲಿಕೆಯಿದೆ. ಜಯಂತಿಯ ದಿನ ಏಣಿ ಹಾಕಿ ಮಾಲೆ ತೊಡಿಸುವುದು, ಕೆಲವೆಡೆ ಹಾಲು ನೀರಿನ ಅಭಿಷೇಕ, ಡೊಳ್ಳು ಕುಣಿತದ ಮೆರವಣಿಗೆ ಇವು ಪರಿಷೆ ಜಾತ್ರೆಗಳ ಕ್ರಮವನ್ನೇ ಅನುಸರಿಸುತ್ತವೆ. ಹಳ್ಳಿಯ ವೀರಗಲ್ಲು ಕಾಲಾಂತರದಲ್ಲಿ ಬೀರದೇವರಾಗಿ ಎಣ್ಣೆ ಅರಿಸಿನ ಪಡೆದಂತೆ, ವೃತ್ತದ ಪ್ರತಿಮೆಯೂ ಪೂಜ್ಯ ವಸ್ತುವಾಗುತ್ತಿದೆ.

ಚಿತ್ರದುರ್ಗದ ಓಬವ್ವ ಇದಕ್ಕೆ ಉತ್ತಮ ನಿದರ್ಶನ. ಆಕೆ ಅರಸಿಯಲ್ಲ, ಕೋಟೆಯ ಕಾವಲುಗಾರನ ಹೆಂಡತಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬರುವಾಗ ಕೈಗೆ ಸಿಕ್ಕ ಒನಕೆಯಿಂದಲೇ ಅವರನ್ನು ಹೊಡೆದುರುಳಿಸಿದಳೆಂಬುದು ಪ್ರತೀತಿ. ಜಿಲ್ಲಾಧಿಕಾರಿ ಕಚೇರಿಯ ಎದುರು ಅಶೋಕ ಗುಡಿಗಾರ್ ರಚಿಸಿದ ಆಕೆಯ ಪ್ರತಿಮೆಯಿದೆ. ಒನಕೆ ಆಯುಧವಾಗುವ ಮುನ್ನ ಭತ್ತ ಕುಟ್ಟುವ ಸಾಧನ. ಹೆಣ್ಣಿನ ದಿನನಿತ್ಯದ ದುಡಿಮೆಯ ಗುರುತು. ಅರಸರ ಪ್ರತಿಮೆಯಲ್ಲಿ ಖಡ್ಗಕ್ಕಿರುವ ಸ್ಥಾನ ಇಲ್ಲಿ ಒನಕೆಗೆ ದೊರೆತಿದೆ. ಅಂಬಿಗರ ಚೌಡಯ್ಯನ ಕೈಯಲ್ಲಿ ಹುಟ್ಟು, ಮಾಚಯ್ಯನೊಡನೆ ಬಟ್ಟೆಯ ಗಂಟು ಕಾಣಿಸುವುದೂ ಇದೇ ಬಗೆಯದು. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಆದರೆ ಆಕೆಯ ಮೊದಲ ಸ್ಮಾರಕ ಪ್ರತಿಮೆಯಲ್ಲ, 'ಓಬವ್ವನ ಕಿಂಡಿ' ಎಂಬ ಹೆಸರೇ. ಘಟನೆಯ ಜಾಗವೇ ಅಲ್ಲಿ ವೀರಗಲ್ಲಿನ ಕೆಲಸ ಮಾಡಿದೆ.

ಸಂಗೊಳ್ಳಿ ರಾಯಣ್ಣನ ವಿಷಯದಲ್ಲಿಯೂ ಇದು ನಿಜ. ಕಿತ್ತೂರು ಸಂಸ್ಥಾನದ ಶೇತ್‌ಸನದಿಯಾಗಿದ್ದ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಸಮಾಧಿಯ ಬಳಿಯ ಆಲದ ಮರವನ್ನು ಆತನ ಒಡನಾಡಿ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂದು ಜನ ನಂಬುತ್ತಾರೆ. ಸಂಗೊಳ್ಳಿಯ ಗುಡಿಯಲ್ಲಿ ಮೂರ್ತಿಯ ಅಕ್ಕಪಕ್ಕ ಕಸರತ್ತಿನ ಮರದ ಭಾರಗಳಿದ್ದು, ಒಂದನ್ನು ರಾಯಣ್ಣನೇ ಎತ್ತುತ್ತಿದ್ದನೆಂಬ ನಂಬಿಕೆಯಿದೆ. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಪ್ರತಿಮೆ ನಿಲ್ಲುವ ಎಷ್ಟೋ ಮೊದಲು ಲಾವಣಿಕಾರರು, ಗೀಗೀ ಮೇಳದವರು ಆತನನ್ನು ಊರೂರಿಗೆ ಒಯ್ದಿದ್ದರು.

ಇಂತಹ ಗಾಢ ಸಂಬಂಧದಿಂದಲೇ ಸಂಘರ್ಷವೂ ಹುಟ್ಟುತ್ತದೆ. 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿದ ಘಟನೆಯ ಬೆನ್ನಲ್ಲೇ ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಲಾಯಿತು. 1991ರಲ್ಲಿ ಹಲಸೂರು ಕೆರೆಯ ಬಳಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕಿನಲ್ಲೇ ಇತ್ತು. 2009ರ ಆಗಸ್ಟ್ 9ರಂದು ಅದು ಅನಾವರಣಗೊಂಡಿತು; ನಾಲ್ಕು ದಿನಗಳ ತರುವಾಯ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಕುಂಬಾರ ಮಾಳಿಯ ಮಗನೆಂದು ಜನ ಕರೆಯುವ ತ್ರಿಪದಿಕಾರ ಎರಡು ರಾಜ್ಯಗಳ ಬಿಕ್ಕಟ್ಟು ಬಗೆಹರಿಯಲು ನೆರವಾದುದು ಗಮನಾರ್ಹ. 2013ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಹೊಸ ಪ್ರತಿಮೆಗಳಿಗೆ ಅನುಮತಿ ನೀಡಬಾರದೆಂದು ಆದೇಶಿಸಿತು. ಸ್ಮರಣೆಯ ಜಾಗ ಎಲ್ಲಿರಬೇಕೆಂಬುದು ಹೀಗೆ ಕಾನೂನಿನ ಪ್ರಶ್ನೆಯೂ ಆಗಿದೆ.

ಇಪ್ಪತ್ತನೆಯ ಶತಮಾನದ ವೀರಗಲ್ಲು

ಈ ಚರ್ಚೆಯಲ್ಲಿ ನಿರ್ಣಾಯಕವಾದ ನಿದರ್ಶನ ನರಗುಂದ-ನವಲಗುಂದ ಪ್ರದೇಶದ್ದು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ಮತ್ತು ನೀರಿನ ಕರದ ವಿರುದ್ಧ ಹೂಡಿದ ಚಳವಳಿ 1980ರ ಜುಲೈ 21ರಂದು ಹಿಂಸೆಗೆ ತಿರುಗಿತು. ಗೋಲಿಬಾರಿನಲ್ಲಿ ರೈತರು ಮಡಿದರು. ಕರ್ನಾಟಕದ ರೈತ ಚಳವಳಿಯ ಚರಿತ್ರೆಯಲ್ಲಿ ಇದೊಂದು ತಿರುವು. ಮಡಿದ ಈರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಅವರ ಹೆಸರುಗಳು ಇಂದಿಗೂ ಆ ಭಾಗದಲ್ಲಿ ಜೀವಂತ. ನರಗುಂದದಲ್ಲಿರುವ ಸ್ಮಾರಕವನ್ನು ಜನ ಕರೆಯುವುದು 'ವೀರಗಲ್ಲು' ಎಂದೇ. ಪ್ರತಿವರ್ಷ ಜುಲೈ 21ರಂದು ರೈತರು ಅಲ್ಲಿ ಸೇರಿ ಮಾಲೆ ಅರ್ಪಿಸುತ್ತಾರೆ, ತಮ್ಮ ಬೇಡಿಕೆಗಳನ್ನು ಮಂಡಿಸುತ್ತಾರೆ.

ಸ್ಮಾರಕ, ಪುತ್ಥಳಿ, ಹುತಾತ್ಮ ಸ್ತಂಭ ಎಂಬ ಪದಗಳೆಲ್ಲ ಲಭ್ಯವಿದ್ದಾಗಲೂ ವೀರಗಲ್ಲು ಎಂಬ ಪದ ಬಳಕೆಗೆ ಬಂದುದು ಆಕಸ್ಮಿಕವೆನಿಸುವುದಿಲ್ಲ. ಹೆಸರುಳ್ಳ ಸಾಮಾನ್ಯ ವ್ಯಕ್ತಿ, ಬದುಕಿನ ಆಧಾರವನ್ನು ಕಾಯಲು ಹೂಡಿದ ಹೋರಾಟ, ಘಟನೆಗೆ ಸಂಬಂಧಿಸಿದ ನೆಲ ಈ ಮೂರೂ ಅಲ್ಲಿ ಸೇರಿವೆ. ಹಿಂದೆ ತುರುಗಳು ಊರಿನ ಆಧಾರವಾಗಿದ್ದವು. 1980ರಲ್ಲಿ ನೀರು ಮತ್ತು ಹೊಲ ಆಧಾರವಾಗಿದ್ದವು. ವಸಾಹತು ಕಾಲದ ಪ್ರತಿಮಾ ಪದ್ಧತಿಯನ್ನು ದಾಟಿ ರೈತ ಸಮುದಾಯವು ತನ್ನ ಹಳೆಯ ಸ್ಮರಣ ಕ್ರಮಕ್ಕೆ ಮರಳಿದುದನ್ನು ಇಲ್ಲಿ ಕಾಣಬಹುದಾಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಪ್ರತಿಮೆ ಮತ್ತು ವೀರಗಲ್ಲು ಒಂದೇ ಸ್ಮರಣ ಪ್ರವೃತ್ತಿಯ ಎರಡು ರೂಪಗಳೆಂದೂ, ಅವುಗಳ ನಡುವಣ ನಿಜವಾದ ಭೇದ ಎತ್ತರ ಅಥವಾ ಲೋಹದಲ್ಲಿಲ್ಲ, ಹೆಸರು ಯಾರಿಗೆ ದೊರೆಯುತ್ತದೆ ಎಂಬುದರಲ್ಲಿದೆಯೆಂದೂ ಹೇಳಬಹುದು. ಈ ಹಿನ್ನೆಲೆಯಲ್ಲಿ ಜಾನಪದ ಸಂಶೋಧನೆಯ ಮುಂದೆ ಎರಡು ಕೆಲಸಗಳಿವೆ. ಶಾಸನಗಳನ್ನು ತಾಲ್ಲೂಕುವಾರು ದಾಖಲಿಸಿದಂತೆ ಆಧುನಿಕ ಪ್ರತಿಮೆಗಳ ಪೀಠಫಲಕಗಳನ್ನೂ ಅಕ್ಷರಶಃ ದಾಖಲಿಸಬೇಕು. ಶಿಲ್ಪಿ, ಎರಕದವರು, ವಂತಿಗೆ ನೀಡಿದವರ ವಿವರಗಳನ್ನು ಹಿರಿಯರು ಜೀವಂತವಿರುವಾಗಲೇ ಸಂಗ್ರಹಿಸಬೇಕು. ಅದರ ಜೊತೆಗೆ ಕೆರೆ, ಕಾಲುವೆ, ಅಣೆಕಟ್ಟು, ಗಣಿಗಳಲ್ಲಿ ದುಡಿದು ಮಡಿದವರ ಹೆಸರುಗಳನ್ನು ಹಾಡು, ಐತಿಹ್ಯ ಮತ್ತು ಕಚೇರಿಯ ಕಡತಗಳಿಂದ ಹುಡುಕಿ ಒಂದೆಡೆ ಸೇರಿಸಬೇಕು. ಹತ್ತನೆಯ ಶತಮಾನದ ಕಲ್ಲು ಒಂದು ಬೇಟೆನಾಯಿಯ ಹೆಸರನ್ನು ಇಂದಿನವರೆಗೆ ತಲುಪಿಸಿದೆ. ಅಣೆಕಟ್ಟಿನ ಕಲ್ಲು ಹೊತ್ತವರ ಹೆಸರುಗಳು ಅದಕ್ಕಿಂತ ಬೇಗ ಅಳಿದುಹೋಗದಂತೆ ನೋಡಿಕೊಳ್ಳುವುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲರ ಹೊಣೆಯಾಗಿದೆ.